ಕಬ್ಬು ಕಡಿದ ಮೇಲೆ ಕಾಣುವ ಸೂರ್ಯ

ಆಗುಂಬೆಗೆ ಹೋದವರು ಸಂಜೆ ಐದಕ್ಕೇ ಸೂರ್ಯಾಸ್ತದ ಕಟ್ಟೆ ಹಿಡಿಯುತ್ತಾರೆ. ಮಹಾಬಳೇಶ್ವರಕ್ಕೆ ಹೋದವರು ಬಾಂಬೆ ಪಾಯಿಂಟಿನಲ್ಲಿ ಸುಟ್ಟ ಗೋವಿನಜೋಳದ ತೆನೆ ಕಡಿಯುತ್ತ ಹೊತ್ತು ಮುಳುಗುವುದನ್ನು ಕಾಯುತ್ತಾರೆ. ನಾಲ್ಕು ಕಾಸು ಕೂಡಿಸಿದವರು ರಾಜಸ್ಥಾನದವರೆಗೂ ಹೋಗಿ, ಜೈಸಲ್ಮೇರ್ ಹತ್ತಿರದ ಸಮ್ ಮರಳುದಿಬ್ಬಗಳಲ್ಲಿ ಒಂಟೆ ಏರಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಲ್ಲಿ ಇಂಥ ಪ್ರವಾಸ ಮಾಡಿದವರಿಗೇನೂ ಬರವಿಲ್ಲ. ಆದರೆ ‘ನಿಮ್ಮೂರಾಗ ಹೊತ್ತ ಮುಣಗೂದನ್ನ ಎಲ್ಲಿ ನಿಂತ ನೋಡಬೇಕ್ರಿ?’ ಎಂದು ಕೇಳಿ ನೋಡಿ. ಕೇಳಿದವರನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ‘ಅದನ್ನೇನ ನೋಡ್ತೀರಿ, ತ್ರೀ ಫೇಸ್ ಕರೆಂಟ ಎಷ್ಟಕ್ಕ ಬರತೈತಿ ಅಂತ ನೋಡ್ರಿ’ ಎನ್ನುವುದು ತೋಟದಲ್ಲಿ ಇರುವವರ ಮಾತು.

ಆ ಮಾತಿನಲ್ಲಿ ನ್ಯಾಯವಿದೆ. ರಾತ್ರಿ ನೀರು ಹಾಯಿಸುವವನಿಗೆ ಹೊತ್ತು ಮುಳುಗಿತೆಂದರೆ ಎರಡನೇ ಪಾಳಿ ಶುರುವಾಯಿತೆಂದೇ ಲೆಕ್ಕ. ಆದರೂ ಈ ಪ್ರಶ್ನೆಯನ್ನು ಬಿಡಲು ನನಗೆ ಮನಸ್ಸಿಲ್ಲ. ಸೂರ್ಯಾಸ್ತಕ್ಕೆಂದೇ ಜಗತ್ತು ಹುಡುಕಿಕೊಂಡು ಹೋಗುವ ಜಾಗಗಳಲ್ಲಿ ಅನೇಕವು ಒಣನಾಡಿನಲ್ಲಿವೆ. ಅಮೆರಿಕದ ಜೋಶುವಾ ಟ್ರೀ ಮರುಭೂಮಿ ಉದ್ಯಾನದ ಕೀಸ್ ವ್ಯೂ ಅಂಥದ್ದು. ಆಸ್ಟ್ರೇಲಿಯದ ನಟ್ಟನಡುವಿನ ಉಲುರು ಬಂಡೆಯೂ ಅಂಥದ್ದೇ. ಅಲ್ಲಿ ಕಣ್ಣಿಗೆ ಅಡ್ಡ ಬರುವ ಮರಗಿಡ ಕಡಿಮೆ, ಗಾಳಿಯಲ್ಲಿ ತೇವ ಕಡಿಮೆ, ನೋಟ ಹರಿದಷ್ಟೂ ಬಯಲು. ಈ ಮೂರೂ ಗುಣ ನಮ್ಮ ಗಡಿ ತಾಲ್ಲೂಕುಗಳ ಕೆಲವು ಮೂಲೆಗಳಲ್ಲಿ ಇವೆ. ಟಿಕೆಟ್ ಇಲ್ಲದ, ಬೋರ್ಡ್ ಇಲ್ಲದ ಕಾರಣ ಯಾರೂ ಅವನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೇ.

ಕೃಷ್ಣೆ, ದೂಧಗಂಗೆ, ವೇದಗಂಗೆ ಹರಿಯುವ ನಾಡನ್ನು ಮರುಭೂಮಿ ಎಂದರೆ ತಪ್ಪಾದೀತು. ಒಣಭೂಮಿಯ ವನ್ಯಧಾಮವನ್ನೇ ನೋಡಬೇಕೆಂದರೆ ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ ಯಡಹಳ್ಳಿ ಚಿಂಕಾರ ಧಾಮವಿದೆ. ಬೀಳಗಿ, ಮುಧೋಳ ತಾಲ್ಲೂಕುಗಳ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಗುಡ್ಡಗಾಡನ್ನು 2016ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದರು. ಆದರೆ ಸಂಜೆ ಎಂದರೆ ಅಲ್ಲಿನ ಪ್ರಾಣಿಗಳು ಮೇವು ನೀರಿಗೆ ಹೊರಬೀಳುವ ಹೊತ್ತು. ನಮ್ಮ ಸೂರ್ಯಾಸ್ತಕ್ಕಾಗಿ ಅವಕ್ಕೆ ತೊಂದರೆ ಕೊಡುವುದು ಬೇಡ. ಅಥಣಿಯ ಕಲ್ಲುನೆಲದ ಮಡ್ಡಿಗಳು ಇರುವಾಗ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ.

ದಿಗಂತ ನುಂಗುವ ಬೆಳೆ

ಈ ಸೀಮೆಯಲ್ಲಿ ದಿಗಂತವನ್ನು ನುಂಗುವುದು ಕಬ್ಬು. ಮಳೆಗಾಲ ಮುಗಿಯುವ ಹೊತ್ತಿಗೆ ಹತ್ತು ಹನ್ನೆರಡು ಅಡಿ ಎದ್ದು ನಿಂತ ಬೆಳೆಯ ನಡುವೆ ರಸ್ತೆ ಹಾದುಹೋಗುತ್ತದೆ. ಎಡಕ್ಕೂ ಬಲಕ್ಕೂ ಗರಿ, ಮೇಲೆ ಒಂದು ಪಟ್ಟಿ ಆಕಾಶ. ಸದಲಗಾ, ಯಕ್ಸಂಬಾ, ಉಗಾರ, ಕುಡಚಿ ಸುತ್ತಲಿನ ಹಳ್ಳಿಗಳಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಸೂರ್ಯ ನಿಜವಾಗಿ ಮುಳುಗುವುದಕ್ಕೆ ಹತ್ತಿಪ್ಪತ್ತು ನಿಮಿಷ ಮೊದಲೇ ಕಬ್ಬಿನ ಗರಿಯ ಹಿಂದೆ ಮರೆಯಾಗಿರುತ್ತಾನೆ. ಗುಡ್ಡ ಅಡ್ಡ ಬಂದರೆ ಸುತ್ತು ಹಾಕಿಕೊಂಡು ಹೋಗಬಹುದು. ಕಬ್ಬು ಅಡ್ಡ ಬಂದರೆ ಎತ್ತ ಹೋದರೂ ಅದೇ.

ಆದ್ದರಿಂದ ಇಲ್ಲಿ ಸೂರ್ಯಾಸ್ತದ ಜಾಗ ಹುಡುಕುವವರು ನಕ್ಷೆಗಿಂತ ಮೊದಲು ಹಂಗಾಮು ನೋಡಬೇಕು. ಅಕ್ಟೋಬರ್ ಕೊನೆ, ನವೆಂಬರ್ ಮೊದಲಿಗೆ ಸಕ್ಕರೆ ಕಾರ್ಖಾನೆಗಳು ಬಾಯ್ಲರ್ ಹೊತ್ತಿಸುತ್ತವೆ. ಉಗಾರ ಖುರ್ದದ ಉಗಾರ ಶುಗರ್ ವರ್ಕ್ಸ್ ಹುಟ್ಟಿದ್ದು 1939ರಲ್ಲಿ. ಇಂದು ಐದೂ ತಾಲ್ಲೂಕುಗಳಲ್ಲಿ ಸಹಕಾರಿಯೂ ಖಾಸಗಿಯೂ ಸೇರಿ ಎತ್ತ ತಿರುಗಿದರೂ ಒಂದು ಚಿಮಣಿ ಕಾಣುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಕಡೆಯ ಗ್ಯಾಂಗಿನವರು ಬಂದು ಗುಡಿಸಲು ಹಾಕಿದರೆಂದರೆ ದಿಗಂತ ತೆರೆಯುವ ಕಾಲ ಬಂತೆಂದು ತಿಳಿಯಬೇಕು. ನಿನ್ನೆ ಗೋಡೆಯಿದ್ದಲ್ಲಿ ಇಂದು ಬೋಳು ನೆಲ. ಅದರಾಚೆ ಇನ್ನೊಂದು ಊರಿನ ಗುಡಿಯ ಶಿಖರ, ಅದರಾಚೆ ಮತ್ತೊಂದು ನೀರಿನ ಟಾಕಿ. ಕುಳೆ ಕಬ್ಬು ಮತ್ತೆ ಆಳೆತ್ತರಕ್ಕೆ ಬರುವ ತನಕ ನಾಲ್ಕೈದು ತಿಂಗಳು ಆ ಹೊಲದ ಬದುವೇ ಒಳ್ಳೆಯ ಸೂರ್ಯಾಸ್ತದ ಜಾಗ. ಮುಂದಿನ ವರ್ಷ ಅದು ಇನ್ನೊಬ್ಬರ ಹೊಲಕ್ಕೆ ಹೋಗಿರುತ್ತದೆ. ಕಟ್ಟೆ ಕಟ್ಟಿ ಕಂಬಿ ಹಾಕಿ ‘ಇದೇ ಪಾಯಿಂಟ್’ ಎಂದು ಹೇಳಲು ಬರುವ ಸೀಮೆ ಇದಲ್ಲ.

ಹಂಗಾಮಿಗೆ ಇನ್ನೊಂದು ಮುಖವೂ ಇದೆ. ಕಬ್ಬು ಕಡಿದ ಮೇಲೆ ಉಳಿದ ರವದಿಗೆ ಬೆಂಕಿ ಹಚ್ಚುತ್ತಾರೆ. ಡಿಸೆಂಬರ್, ಜನವರಿಯ ತಣ್ಣಗಿನ ಸಂಜೆಯಲ್ಲಿ ಆ ಹೊಗೆ ಮೇಲೇರದೆ ನದಿ ಬಯಲಿನ ಮೇಲೆ ಪದರಾಗಿ ನಿಲ್ಲುತ್ತದೆ. ಸೂರ್ಯ ಅದರೊಳಗೆ ಇಳಿದಾಗ ಬೂದಿ ಮುಚ್ಚಿದ ಕೆಂಡದ ಬಣ್ಣ ಬರುತ್ತದೆ. ಕೆಂಪೇನೋ ಹೌದು, ಆದರೆ ಹೊಳಪಿಲ್ಲ. ಎಷ್ಟೋ ಸಲ ನೆಲ ಮುಟ್ಟುವ ಮೊದಲೇ ಬಿಂಬ ಕರಗಿ ಹೋಗುತ್ತದೆ. ಹೊಗೆ, ದೂಳು ಹೆಚ್ಚಿದಷ್ಟೂ ಸಂಜೆ ಚೆಂದ ಎಂಬ ಮಾತನ್ನು ನಂಬಬೇಡಿ. ಸಂಜೆಯ ಬೆಳಕು ನಮ್ಮ ತನಕ ಬರಲು ಮಧ್ಯಾಹ್ನಕ್ಕಿಂತ ಹತ್ತಾರು ಪಟ್ಟು ಹೆಚ್ಚು ಗಾಳಿಯನ್ನು ದಾಟಬೇಕು. ದಾರಿಯಲ್ಲಿ ನೀಲಿ ಚದುರಿ ಕಳೆದುಹೋಗಿ ಕೆಂಪು, ಕಿತ್ತಳೆ ಉಳಿಯುತ್ತವೆ. ಈ ಕೆಲಸಕ್ಕೆ ಗಾಳಿಯ ಅಣುಗಳೇ ಸಾಕು. ಹೊಗೆಯ ದಪ್ಪ ಕಣಗಳು ಎಲ್ಲ ಬಣ್ಣವನ್ನೂ ಒಟ್ಟಿಗೆ ಮಬ್ಬು ಮಾಡುತ್ತವೆ. ಅತಿ ಸಣ್ಣ ಕಣ ಅತಿ ಎತ್ತರಕ್ಕೆ ಹೋದರೆ ಮಾತ್ರ ಕಥೆ ಬೇರೆ. 1883ರ ಆಗಸ್ಟ್‌ನಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದ ಮೇಲೆ ಜಗತ್ತಿನ ಎಷ್ಟೋ ಕಡೆ ತಿಂಗಳುಗಟ್ಟಲೆ ಸಂಜೆ ಆಕಾಶ ಕೆಂಪೇರಿತ್ತು. ಮರುತಿಂಗಳು ಮದ್ರಾಸಿನ ಕಡೆಯವರು ಹಸಿರು ಸೂರ್ಯನನ್ನೇ ಕಂಡಿದ್ದರು. ನಮ್ಮ ರವದಿ ಹೊಗೆಗೆ ಆ ಯೋಗ್ಯತೆಯಿಲ್ಲ. ರವದಿಯನ್ನು ಸುಡದೆ ಹೊಲದಲ್ಲೇ ಕೊಳೆಯಲು ಬಿಟ್ಟರೆ ಮಣ್ಣಿಗೂ ಒಳ್ಳೆಯದು, ಸಂಜೆಗೂ ಒಳ್ಳೆಯದು.

ರಾಯಬಾಗ ತಾಲ್ಲೂಕಿನಲ್ಲಿ ಕಬ್ಬನ್ನು ಮೀರಿ ನೋಡಲು ಒಂದು ಸುಲಭದ ಹಾದಿಯಿದೆ: ಘಟಪ್ರಭಾ ಎಡದಂಡೆ ಕಾಲುವೆಯ ಏರಿ. ಸುತ್ತಲಿನ ಹೊಲಕ್ಕಿಂತ ಎತ್ತರದಲ್ಲಿ ಏರಿ ಇರುವ ಕಡೆ ನಿಂತರೆ ಸೂಲಂಗಿಯ ಮೇಲಿಂದ ನೋಟ ಹರಿಯುತ್ತದೆ. ಕಾಲುವೆ ತುಂಬಿದ ದಿನವಾದರೆ ನೀರಿನಲ್ಲೂ ಬಣ್ಣ. ಏರಿಯ ಅಂಚು ಜಾರುತ್ತದೆ, ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗವಲ್ಲ. ಚಿಕ್ಕೋಡಿಯವರಿಗೆ ಅದಕ್ಕಿಂತ ಅನುಕೂಲವಿದೆ. ಊರು ಎತ್ತರದಲ್ಲಿದೆ, ಅಂಕಲಿ ಕಡೆಯ ರಸ್ತೆ ಕೃಷ್ಣೆಯತ್ತ ಇಳಿಯುತ್ತ ಹೋಗುತ್ತದೆ. ಇಳಿಜಾರು ಶುರುವಾಗುವ ಮೊದಲು ನಿಂತರೆ ಕಬ್ಬೂ ಹೊಗೆಯೂ ಕಾಲ ಕೆಳಗೆ.

ಸ್ತವನಿಧಿಯ ಘಾಟು, ನದಿಯ ಮೇಲ್ಮಗ್ಗುಲು

ನಿಪ್ಪಾಣಿಯಿಂದ ಬೆಳಗಾವಿ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48 ಸ್ವಲ್ಪದರಲ್ಲೇ ಸ್ತವನಿಧಿ ಘಾಟು ಹತ್ತುತ್ತದೆ. ಊರವರ ಬಾಯಲ್ಲಿ ಅದು ತವಂದಿ. ಪಾರ್ಶ್ವನಾಥನಿಗೂ ಕ್ಷೇತ್ರಪಾಲ ಬ್ರಹ್ಮನಾಥನಿಗೂ ನಡೆದುಕೊಳ್ಳುವ ಜೈನರ ಹಳೆಯ ಕ್ಷೇತ್ರ. ಐದು ತಾಲ್ಲೂಕುಗಳಲ್ಲಿ ಬೆಟ್ಟದ ಮೇಲಿನಿಂದ ಸೂರ್ಯಾಸ್ತ ಬೇಕೆನ್ನುವವರು ಬರಬೇಕಾದ್ದು ಇಲ್ಲಿಗೇ. ಗಾಳಿ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು ನೀಲಿಯಾಗಿ ಕಾಣುತ್ತದೆ. ಹಗಲು ರಾತ್ರಿ ಸಮನಾಗುವ ಮಾರ್ಚ್, ಸೆಪ್ಟೆಂಬರ್ ತಿಂಗಳಲ್ಲಿ ಸೂರ್ಯ ಹೆಚ್ಚು ಕಡಿಮೆ ರಾಧಾನಗರಿಯ ದಿಕ್ಕಿಗೆ ಇಳಿಯುತ್ತಾನೆ. ಡಿಸೆಂಬರ್‌ನಲ್ಲಿ ಎಡಕ್ಕೆ ಸರಿದು ಗಾರಗೋಟಿಯನ್ನೂ ದಾಟುತ್ತಾನೆ. ಜೂನ್ ಹೊತ್ತಿಗೆ ಬಲಕ್ಕೆ, ಕೊಲ್ಹಾಪುರದ ಕಡೆಗೆ ವಾಲುತ್ತಾನೆ. ಹೀಗೆ ನಮ್ಮ ಸೂರ್ಯ ದಿನಾ ಮಹಾರಾಷ್ಟ್ರದಲ್ಲಿ ಮುಳುಗುತ್ತಾನೆ. ಇದೊಂದರ ಬಗ್ಗೆ ಮಾತ್ರ ಯಾರೂ ಇನ್ನೂ ಗಡಿ ಆಯೋಗ ಕೇಳಿಲ್ಲ.

ನಿಪ್ಪಾಣಿ ಸುತ್ತಿನ ಇನ್ನೊಂದು ಅನುಕೂಲ ತಂಬಾಕು. ಬೀಡಿ ತಂಬಾಕಿನ ಗಿಡ ಸೊಂಟದೆತ್ತರ ದಾಟುವುದು ಕಡಿಮೆ. ಸೋಯಾ, ಶೇಂಗಾವೂ ಕುಳ್ಳ ಬೆಳೆಗಳು. ಆದ್ದರಿಂದ ಕಬ್ಬು ಹೆಚ್ಚದ ಹಳ್ಳಿಗಳಲ್ಲಿ ವರ್ಷದ ಬಹುಪಾಲು ದಿಗಂತ ತೆರೆದೇ ಇರುತ್ತದೆ. ತಂಬಾಕು ಕಡಿದು ಹೊಲದಲ್ಲೇ ಒಣಹಾಕಿದ ದಿನಗಳಲ್ಲಿ, ಸಂಜೆಯ ಓರೆ ಬಿಸಿಲು ಬಿದ್ದು ಒಂದೊಂದು ಎಲೆಯ ನರವೂ ಎದ್ದು ಕಾಣುತ್ತದೆ. ಹಸಿರು ಹೋಗಿ ಕಂದು ಬರುವ ಆ ನಡುವಿನ ಬಣ್ಣವನ್ನು ನೋಡಲು ಸೂರ್ಯನನ್ನು ಸ್ವಲ್ಪ ಹೊತ್ತು ಮರೆತರೂ ನಡೆದೀತು. ತಂಬಾಕಿನ ಘಾಟು ಮೂಗಿಗೆ ಬಡಿದು ಸೀನು ಬರುವುದಂತೂ ಗ್ಯಾರಂಟಿ. 1981ರಲ್ಲಿ ತಂಬಾಕಿನ ಬೆಲೆಗಾಗಿ ಇದೇ ಹೆದ್ದಾರಿಯಲ್ಲಿ ಕೂತ ರೈತರ ಮೇಲೆ ಗೋಲಿಬಾರ್ ಆಗಿ ಜೀವಗಳು ಹೋದವು. ಆ ಹೆಸರುಗಳನ್ನು ನೆನೆಯದೆ ಈ ಎಲೆಯ ಚೆಂದವನ್ನು ಮಾತ್ರ ಹೊಗಳಿ ಹೋಗುವುದು ಸರಿಯಲ್ಲ.

ಸ್ತವನಿಧಿ ಘಾಟಿನ ಬಗ್ಗೆ ಎಚ್ಚರಿಕೆಯ ಒಂದು ಮಾತು: ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿ ಇಳಿಯಬೇಡಿ. ಲಾರಿಗಳು ಇಳಿಜಾರಿನಲ್ಲಿ ಬರುವ ವೇಗಕ್ಕೆ, ಆ ಮಬ್ಬು ಹೊತ್ತಿನಲ್ಲಿ, ಅದು ಜೀವದ ಮೇಲಿನ ಆಟ. ಕ್ಷೇತ್ರದ ಕಡೆಗೋ ಹಳ್ಳಿಯ ರಸ್ತೆಗೋ ಹೊರಳಿ, ಅಲ್ಲಿ ನಿಲ್ಲಿ.

ನೀರಿನ ಮೇಲೆ ಸೂರ್ಯಾಸ್ತ ನೋಡಬೇಕೆನ್ನುವವರಿಗೆ ಈ ನಾಡಿನ ನದಿಗಳೇ ಒಂದು ಸೂತ್ರ ಹೇಳಿಕೊಟ್ಟಿವೆ. ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಕ್ಕೆ ಬರುವ ನೀರು ಇದು; ಸೇತುವೆಯ ಮೇಲೆ ನಿಂತು ನೀರು ಬರುವ ಕಡೆ ಮುಖ ಮಾಡಿದರೆ ಸಾಮಾನ್ಯವಾಗಿ ಪಡುವಣಕ್ಕೇ ಮುಖ ಮಾಡಿದಂತೆ. ದೂಧಗಂಗೆ, ವೇದಗಂಗೆ ನೈಋತ್ಯದಿಂದ ಈಶಾನ್ಯಕ್ಕೆ ಓರೆಯಾಗಿ ಬರುವುದರಿಂದ ಚಳಿಗಾಲದ ಸೂರ್ಯ ನದಿಯ ಸಾಲಿಗೆ ಬರುತ್ತಾನೆ. ಜತ್ರಾಟ–ಭಿವಶಿ, ಅಕ್ಕೋಳ–ಸಿದ್ನಾಳ, ಕಾರದಗಾ–ಭೋಜ ಸೇತುವೆಗಳನ್ನು ನವೆಂಬರ್‌ನಿಂದ ಜನವರಿಯ ತನಕ ನೋಡಬೇಕು. ಕೃಷ್ಣೆ ತುಸು ಆಗ್ನೇಯಕ್ಕೆ ವಾಲಿ ಹರಿಯುತ್ತಾಳೆ. ಅವಳಿಗೆ ಹೊಂದುವುದು ಏಪ್ರಿಲ್, ಮೇ ತಿಂಗಳ ಸೂರ್ಯ. ಆದರೆ ಯಡೂರು, ಅಂಕಲಿ, ಕುಡಚಿಯ ನಡುವೆ ಅವಳ ಬಳುಕು ಎಷ್ಟೆಂದರೆ ಪ್ರತಿ ತಿರುವಿಗೂ ಈ ಲೆಕ್ಕ ಬದಲಾಗುತ್ತದೆ. ಯಡೂರಿನ ವೀರಭದ್ರನಿಗೆ ಕೈಮುಗಿದು ನದಿಯ ಮೆಟ್ಟಿಲಿಗೆ ಇಳಿದವರಿಗೆ ಲೆಕ್ಕದ ಗೊಡವೆಯೂ ಬೇಕಾಗಿಲ್ಲ.

ಜುಲೈ, ಆಗಸ್ಟ್‌ನಲ್ಲಿ ಮಾತ್ರ ಈ ಕೆಳಸೇತುವೆಗಳ ಹತ್ತಿರ ಸುಳಿಯಬಾರದು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಕಲ್ಲೋಳ–ಯಡೂರ ಬ್ಯಾರೇಜ್ ಸೇರಿದಂತೆ ಒಂದೊಂದಾಗಿ ಮುಳುಗುವುದು ಪ್ರತಿ ಮಳೆಗಾಲದ ಸುದ್ದಿ. 2005, 2019, 2021ರ ಪ್ರವಾಹಗಳಲ್ಲಿ ನೀರು ಊರುಗಳಿಗೇ ನುಗ್ಗಿತ್ತು. ನೀರಿಳಿದ ಮೇಲೂ ದಂಡೆಯ ಕೆಸರಿಗೆ ಇಳಿಯಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅವಕ್ಕೂ ಸಂಜೆಯ ದಂಡೆ ಇಷ್ಟ.

ನಡೆಯಲು ಆಗದವರಿಗೆ ರೈಲು ಇದೆ. ಮೀರಜದಿಂದ ಬೆಳಗಾವಿಗೆ ಬರುವ ಸಂಜೆಯ ಗಾಡಿಯಲ್ಲಿ ಬಲಗಡೆಯ ಕಿಟಕಿ ಹಿಡಿಯಬೇಕು. ಶೇಡಬಾಳ, ಉಗಾರ ಖುರ್ದ ದಾಟಿ, ಕೃಷ್ಣೆಯ ಸೇತುವೆ ಹಾದು, ಕುಡಚಿ, ಚಿಂಚಲಿ, ರಾಯಬಾಗ ಬರುವ ತನಕ ಸೂರ್ಯ ಕಿಟಕಿಯ ಜೊತೆಗೇ ಓಡುತ್ತಾನೆ. ಕಬ್ಬಿನ ಹೊಲ ಬಂದಾಗ ಮರೆ, ಕಡಿದ ಹೊಲ ಬಂದಾಗ ಬಯಲು. ಈ ಸೀಮೆಯ ಬೆಳೆ ಪದ್ಧತಿಯನ್ನು ಇಷ್ಟು ಚೆನ್ನಾಗಿ ತೋರಿಸುವ ಪಾಠ ಬೇರೆಲ್ಲೂ ಸಿಗದು.

ಅಥಣಿಯ ಮಡ್ಡಿ

ನನ್ನ ಆಯ್ಕೆ ಕೇಳಿದರೆ ನಾನು ಕೈ ತೋರಿಸುವುದು ಅಥಣಿಯ ಪೂರ್ವಕ್ಕೆ. ವಿಜಯಪುರದ ರಸ್ತೆ ಹಿಡಿದು ಐಗಳಿ, ತೆಲಸಂಗ ಕಡೆಗೋ, ಉತ್ತರಕ್ಕೆ ಹೊರಳಿ ಕೋಹಳ್ಳಿ, ಕಕಮರಿ ಕಡೆಗೋ ಹೋದರೆ ನದಿಯ ಹಸಿರು ಹಿಂದೆ ಬೀಳುತ್ತದೆ. ಎರಿ ಹೊಲ, ನಡುನಡುವೆ ಕಲ್ಲಿನ ಮಡ್ಡಿ, ಅಲ್ಲೊಂದು ಇಲ್ಲೊಂದು ಜಾಲಿ, ಬೇವು. ಮಳೆ ಕಡಿಮೆ, ಬರ ಹೆಚ್ಚು. ಬೇಸಗೆಯಲ್ಲಿ ಟ್ಯಾಂಕರ್ ಕಾಯುವ ಊರುಗಳಿವು. ಗಡಿಯಾಚೆಯ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳದೂ ಇದೇ ಪಾಡು. ಮರ ಬೆಳೆಯದ, ಕಬ್ಬು ನಿಲ್ಲದ ಈ ಬಡತನವೇ ಇಲ್ಲಿ ಆಕಾಶವನ್ನು ಪೂರ್ತಿ ಬಿಟ್ಟುಕೊಟ್ಟಿದೆ. ಇದನ್ನು ಹೊಗಳಿಕೆಯೆಂದು ತಿಳಿಯಬೇಡಿ. ನಾಳೆ ನೀರಾವರಿ ಬಂದು ಇಲ್ಲೆಲ್ಲ ಕಬ್ಬು ನಿಂತು ಸೂರ್ಯ ಮರೆಯಾದರೆ ಇಲ್ಲಿನವರು ಪೇಡೆ ಹಂಚುತ್ತಾರೆ, ಹಂಚಬೇಕಾದ್ದೇ.

ಮಡ್ಡಿಯ ಮೇಲೆ ನಿಲ್ಲಲು ಎತ್ತರ ಬಹಳ ಬೇಕಿಲ್ಲ. ಸುತ್ತಲ ನೆಲಕ್ಕಿಂತ ಹತ್ತಡಿ ಮೇಲಿದ್ದರೆ ಸಾಕು, ನೋಟ ಮೈಲುಗಟ್ಟಲೆ ಹೋಗುತ್ತದೆ. ಕಾಲಿಗೆ ಗಟ್ಟಿ ಚಪ್ಪಲಿ ಇರಲಿ, ಜಾಲಿಯ ಮುಳ್ಳು ರಬ್ಬರ್ ಅಟ್ಟೆಯನ್ನು ಲೆಕ್ಕಿಸುವುದಿಲ್ಲ. ಚರ್ಮದ ಚಪ್ಪಲಿ ಅಥಣಿಯಲ್ಲೇ ಸಿಗುತ್ತದೆ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯನ್ನು ಅಥಣಿ, ಮದಭಾವಿಯ ಚಮ್ಮಾರರೂ ತಲೆತಲಾಂತರದಿಂದ ಹೊಲಿಯುತ್ತಿದ್ದಾರೆ. 2019ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲಿ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರಿದೆ.

ಫೆಬ್ರುವರಿಯ ಒಂದು ಸಂಜೆಯನ್ನು ಹತ್ತಿರದಿಂದ ನೋಡೋಣ. ಹಿಂಗಾರಿ ಜೋಳ ತೆನೆ ಕಟ್ಟಿ ನಿಂತಿದೆ, ಕೆಲವು ಹೊಲಗಳಲ್ಲಿ ಕಿತ್ತು ಸಾಲಾಗಿ ಮಲಗಿಸಿದ್ದಾರೆ. ಒಣಗಿದ ಕಣಕಿಯ ಬಣ್ಣ ಹಗಲಿಡೀ ಸಪ್ಪೆ ಬಿಳಿ. ಐದೂವರೆಗೆ ಅದೇ ಬಣ್ಣ ಹಳದಿಗೆ, ಆರಕ್ಕೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ತೆನೆಯ ಮೇಲೆ ಗುಲಾಬಿ ಕಬ್ಬಕ್ಕಿಯ ಹಿಂಡು. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬರುವ ಹಕ್ಕಿ, ಜೋಳವೆಂದರೆ ಪ್ರಾಣ. ಅಟ್ಟದ ಮೇಲೆ ನಿಂತವರು ಕವಣೆ ಬೀಸಿದರೆ ಇಡೀ ಹಿಂಡು ಒಮ್ಮೆಗೇ ಎದ್ದು, ಆಕಾಶದಲ್ಲಿ ಹೊರಳಿ, ಮಗ್ಗುಲು ಬದಲಿಸಿ ಪಕ್ಕದ ಹೊಲಕ್ಕೆ ಇಳಿಯುತ್ತದೆ. ಹೊರಳಿದಾಗ ಎದೆಯ ಗುಲಾಬಿ ಬಣ್ಣಕ್ಕೆ ಸಂಜೆಯ ಬೆಳಕು ತಾಗುವುದು ಕ್ಷಣದ ಮಾತು. ಹೊಲದವನಿಗೆ ಅದು ನಷ್ಟ, ನೋಡುವವನಿಗೆ ಹಬ್ಬ. ದೂರದಲ್ಲಿ ದ್ರಾಕ್ಷಿ ಪಡಕಿನ ಬಳಿ ಒಣದ್ರಾಕ್ಷಿಯ ಶೆಡ್ಡು, ಅದರ ಹಸಿರು ನೆಟ್ಟಿನ ಮೂಲಕ ಬೆಳಕು ತೂರಿಬರುತ್ತದೆ.

ಸೂರ್ಯ ನೆಲ ಮುಟ್ಟುವಾಗ ಬಿಂಬ ಗುಂಡಗಿರುವುದಿಲ್ಲ, ಕೆಳಗಿನಿಂದ ಒತ್ತಿದಂತೆ ಚಪ್ಪಟೆಯಾಗುತ್ತದೆ. ನೆಲದ ಹತ್ತಿರದ ಗಾಳಿ ಬೆಳಕನ್ನು ಬಾಗಿಸುವುದೇ ಇದಕ್ಕೆ ಕಾರಣ. ಆ ಬಾಗು ಎಷ್ಟೆಂದರೆ, ಬಿಂಬದ ಕೆಳ ಅಂಚು ದಿಗಂತ ತಾಗಿತೆಂದು ನಮಗೆ ಕಾಣುವಾಗ ಸೂರ್ಯ ವಾಸ್ತವದಲ್ಲಿ ಆಗಲೇ ಕೆಳಗಿಳಿದಿರುತ್ತಾನೆ. ಅಂಚು ತಾಗಿದ್ದರಿಂದ ಪೂರ್ತಿ ಮುಳುಗುವ ತನಕ ನಮ್ಮ ಅಕ್ಷಾಂಶದಲ್ಲಿ ಎರಡೂಕಾಲು, ಎರಡೂವರೆ ನಿಮಿಷ. ಮೊಬೈಲಿನ ಕ್ಯಾಮೆರಾ ಹುಡುಕುತ್ತ ಕೂತರೆ ಅಷ್ಟೇ ಹೊತ್ತಿನಲ್ಲಿ ಆಟ ಮುಗಿದಿರುತ್ತದೆ.

ಮುಗಿದಿರುತ್ತದೆ ಎಂದೆನೇ? ಜನ ಎದ್ದು ಧೂಳು ಕೊಡವಿಕೊಂಡು ಹೊರಡುವುದು ಆಗಲೇ, ಆದರೆ ಅಸಲು ಆಟ ಆಮೇಲೆ ಇರುತ್ತದೆ. ಉಲುರುವಿನಲ್ಲಿ ಸೂರ್ಯಾಸ್ತ ನೋಡಲು ಮಾಡಿದ ಜಾಗದಲ್ಲಿ ಜನ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಮುಳುಗುವ ಬೆಳಕು ಎದುರಿನ ಕೆಂಪು ಬಂಡೆಯ ಮೇಲೆ ಮಾಡುವ ಬಣ್ಣವೇ ಅಲ್ಲಿ ನೋಡುವ ವಸ್ತು. ನಮ್ಮ ಮಡ್ಡಿಯಲ್ಲಿ ಅಂಥ ಬಂಡೆಯಿಲ್ಲ. ಪೂರ್ವದ ಆಕಾಶವೇ ಸಾಕು. ಸೂರ್ಯ ಮುಳುಗಿ ನಾಲ್ಕೈದು ನಿಮಿಷಕ್ಕೆ ಮೂಡಣದ ಅಂಚಿನಲ್ಲಿ ಬೂದು–ನೀಲಿ ಪಟ್ಟಿಯೊಂದು ಏಳುತ್ತದೆ, ಅದರ ಮೇಲೆ ತಿಳಿ ಗುಲಾಬಿಯ ಇನ್ನೊಂದು ಪಟ್ಟಿ. ಆ ಬೂದು ಪಟ್ಟಿ ಮೋಡವಲ್ಲ, ಮಂಜಲ್ಲ. ನಾವು ನಿಂತ ಭೂಮಿಯದೇ ನೆರಳು ಗಾಳಿಯ ಮೇಲೆ ಬಿದ್ದದ್ದು. ಹತ್ತು ಹದಿನೈದು ನಿಮಿಷದಲ್ಲಿ ಅದು ಮೇಲೇರಿ ಕತ್ತಲಲ್ಲಿ ಬೆರೆಯುತ್ತದೆ. ಮೂಡಣಕ್ಕೂ ಬಯಲು ಇದ್ದರೆ ಮಾತ್ರ ಇದು ಕಾಣುವುದು. ಆಗುಂಬೆಯಲ್ಲಿ ಕಾಡು ಅಡ್ಡ, ಮಹಾಬಳೇಶ್ವರದಲ್ಲಿ ಗುಡ್ಡ ಅಡ್ಡ. ತೆಲಸಂಗದ ಮಡ್ಡಿಗೆ ಎರಡೂ ಕಡೆ ಏನೂ ಅಡ್ಡವಿಲ್ಲ.

ಹುಣ್ಣಿಮೆಯ ದಿನವಾದರೆ ಇನ್ನೂ ಒಳ್ಳೆಯದು. ಸೂರ್ಯ ಮುಳುಗುವ ಹೊತ್ತಿಗೇ ಎದುರಿನಿಂದ ಚಂದ್ರ ಆ ಗುಲಾಬಿ ಪಟ್ಟಿಯೊಳಗಿಂದ ಏಳುತ್ತಾನೆ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಬಂದವರು, ಗಾಳಿಯಲ್ಲಿ ಭಂಡಾರ ಹಾರುತ್ತಿರುವಾಗ, ಇದನ್ನು ನೋಡದೆ ನೋಡುತ್ತಾರೆ. ಕಾಗವಾಡ ತಾಲ್ಲೂಕಿನ ಜುಗೂಳದ ಎದುರು ದಂಡೆಗೆ ಖಿದ್ರಾಪುರದ ಕೊಪ್ಪೇಶ್ವರ ಗುಡಿಯಿದೆ. ಅದರ ಸ್ವರ್ಗಮಂಟಪಕ್ಕೆ ಚಾವಣಿಯ ನಡುವೆ ದುಂಡನೆಯ ತೆರಪು. ಕಾರ್ತಿಕ ಹುಣ್ಣಿಮೆಯ ರಾತ್ರಿ ಚಂದ್ರ ಆ ತೆರಪಿನ ಮೇಲೆ ಬರುವುದನ್ನು ನೋಡಲು ಜನ ಸೇರುತ್ತಾರೆ. ಸಂಜೆಯನ್ನು ಕೃಷ್ಣೆಯ ದಂಡೆಯಲ್ಲಿ ಕಳೆದು ಆಮೇಲೆ ಗುಡಿಗೆ ಹೋದರೆ ಒಂದೇ ದಿನದಲ್ಲಿ ಎರಡೂ ಆಗುತ್ತದೆ.

ಯಾವ ತಿಂಗಳು ಎಂದರೆ, ನನ್ನ ಮತ ಅಕ್ಟೋಬರಿಗೆ. ಮಳೆ ಗಾಳಿಯನ್ನು ತೊಳೆದಿರುತ್ತದೆ, ರವದಿಯ ಬೆಂಕಿ ಇನ್ನೂ ಹೊತ್ತಿರುವುದಿಲ್ಲ, ಎತ್ತರದಲ್ಲಿ ಹಿಂಜಿದ ತೆಳು ಮೋಡ ಇರುತ್ತದೆ. ಹಿಂಗಾರಿ ಮಳೆಯ ದೊಡ್ಡ ಮೋಡ ಪೂರ್ವದಲ್ಲಿ ನಿಂತು, ಪಶ್ಚಿಮ ತೆರೆದಿದ್ದರೆ, ಆ ಮೋಡದ ಗೋಡೆಗೆ ಬುಡದಿಂದ ತುದಿಯ ತನಕ ಬಣ್ಣ ಹತ್ತುವುದನ್ನು ನೋಡಬೇಕು. ಮೇ ತಿಂಗಳ ಅಡ್ಡಮಳೆಯ ಸಂಜೆಗಳೂ ಚೆಂದವೇ, ಆದರೆ ಬಯಲಿನಲ್ಲಿ ಸಿಡಿಲಿಗೆ ನಾವೇ ಎತ್ತರದ ವಸ್ತುವಾಗಿರುತ್ತೇವೆ. ಗುಡುಗು ಕೇಳಿದೊಡನೆ ಮನೆ ಸೇರಬೇಕು. ಒಂದೂ ಮೋಡವಿಲ್ಲದ ಸಂಜೆ ಬಿಂಬ ಸ್ಪಷ್ಟ, ಆಕಾಶ ಸಪ್ಪೆ.

ಸಮಯದ ಲೆಕ್ಕ ಸುಲಭ. ಈ ಸೀಮೆಯಲ್ಲಿ ಹೊತ್ತು ಅತಿ ಬೇಗ ಮುಳುಗುವುದು ನವೆಂಬರ್ ಕೊನೆಯ ವಾರ, ಆರಕ್ಕೆ ನಾಲ್ಕೈದು ನಿಮಿಷ ಇರುವಾಗ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನಿಗೆ ನಡೆದು ಹೊರಟವರು ರಸ್ತೆಯಲ್ಲಿ ಸಿಗುವುದು ಹೆಚ್ಚುಕಡಿಮೆ ಇದೇ ದಿನಗಳಲ್ಲಿ. ಅತಿ ತಡವೆಂದರೆ ಜುಲೈ ಮೊದಲ ವಾರ, ಏಳು ದಾಟಿ ಏಳೆಂಟು ನಿಮಿಷ. ಅಥಣಿಗಿಂತ ನಿಪ್ಪಾಣಿ ಪಶ್ಚಿಮಕ್ಕಿರುವುದರಿಂದ ಪಂಚಾಂಗದ ಲೆಕ್ಕದಲ್ಲಿ ಅಲ್ಲಿ ಎರಡು ಮೂರು ನಿಮಿಷ ತಡ. ಆದರೆ ಗುಡ್ಡಸಾಲು ಅದಕ್ಕಿಂತ ಮೊದಲೇ ಮರೆ ಮಾಡುತ್ತದೆ. ವರ್ಷದುದ್ದಕ್ಕೂ ಸೂರ್ಯ ನೇರ ಪಡುವಣದಿಂದ ಎಡಕ್ಕೂ ಬಲಕ್ಕೂ ಸುಮಾರು 24 ಡಿಗ್ರಿ ಸರಿಯುತ್ತಾನೆ. ತೋಳು ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಎರಡೂವರೆ ಮುಷ್ಟಿ ಆ ಕಡೆ, ಎರಡೂವರೆ ಈ ಕಡೆ. ತೋಳು ಚಾಚಿ ಸೂರ್ಯನ ಕೆಳಗೆ ನಾಲ್ಕು ಬೆರಳು ಅಡ್ಡ ಹಿಡಿದಾಗ ಕಿರುಬೆರಳು ದಿಗಂತ ಮುಟ್ಟಿದರೆ ಇನ್ನು ಅರ್ಧ ಗಂಟೆ ಇದೆಯೆಂದು ತಿಳಿಯಿರಿ. ಆ್ಯಪ್ ಬೇಕಾಗಿಲ್ಲ.

ಇಲ್ಲೆಲ್ಲ ಒಂದು ಸೂರ್ಯಾಸ್ತದ ಪಾಯಿಂಟು ಮಾಡಿ, ಕಾಂಕ್ರೀಟು ಹಾಕಿ, ಸೆಲ್ಫಿ ಚೌಕಟ್ಟು ನಿಲ್ಲಿಸಿ ಎಂದು ಯಾರನ್ನೂ ನಾನು ಕೇಳುವುದಿಲ್ಲ. ಹೊಲ ಯಾರದೋ, ಬದು ಯಾರದೋ. ಹೋಗುವವರು ಒಂದು ಮಾತು ಕೇಳಿ ಹೋಗಬೇಕು. ‘ಅಣ್ಣಾರ, ಒಂದೀಟ ನಿಂತ ನೋಡ್ತೀವ್ರಿ’ ಎಂದರೆ ಬೇಡ ಎನ್ನುವವರು ಕಡಿಮೆ, ಚಹಾ ಕುಡಿದು ಹೋಗ್ರಿ ಎನ್ನುವವರೇ ಹೆಚ್ಚು. ಎಳೆ ಜೋಳ, ಕಡಲೆ ತುಳಿಯಬೇಡಿ. ಬಾಟಲಿ, ಕುರಕುರೆ ಪಾಕೀಟು ಚೀಲದಲ್ಲೇ ವಾಪಸು ತನ್ನಿ. ಕೊನೆಯದಾಗಿ, ನವೆಂಬರಿನಿಂದ ಮಾರ್ಚಿನ ತನಕ ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಸಾಗುತ್ತವೆ. ಎಷ್ಟಕ್ಕೋ ಹಿಂದೆ ದೀಪವಿಲ್ಲ, ರಿಫ್ಲೆಕ್ಟರೂ ಇಲ್ಲ, ಹಾಡಿನ ಸದ್ದಿನಲ್ಲಿ ಹಾರ್ನ್ ಕೇಳುವುದಿಲ್ಲ. ಬೈಕಿನಲ್ಲಿ ಹೋದವರು ಮರಳುವಾಗ ನಿಧಾನಕ್ಕೆ ಬನ್ನಿ.